ಮೊದಲು ತಿಂಗಳು, ಆಮೇಲೆ ಊರು: ಕುಟುಂಬದ ಕೂಟಕ್ಕೆ ಹವೆ ನೋಡಿ ಸ್ಥಳ ಆರಿಸುವುದು ಹೇಗೆ?

ಪ್ರಶ್ನೆ: ನಾವು ವಿರಾಜಪೇಟೆಯ ಸಮೀಪದ ಕಾಫಿ ಬೆಳೆಗಾರರು. ನಮ್ಮ ಅಜ್ಜಿಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 42 ಮಂದಿ ಮೂರು ದಿನ ಒಂದೆಡೆ ಕಲೆಯಬೇಕೆಂದಿದ್ದೇವೆ. ಬೆಂಗಳೂರಿನಲ್ಲಿರುವ ಹುಡುಗರು ಜುಲೈ ಮಳೆಯಲ್ಲಿ ಮಡಿಕೇರಿಯೇ ಆಗಬೇಕೆನ್ನುತ್ತಾರೆ. ಕಲಬುರಗಿಯಲ್ಲಿ ನೆಲೆಸಿರುವ ಚಿಕ್ಕಮ್ಮನಿಗೆ ಮಡಿಕೇರಿಯ ಚಳಿ ಎಂದರೆ ಭಯ. ಮೈಸೂರಾದರೆ ಮಾತ್ರ ಬರುತ್ತೇನೆಂದಿದ್ದಾರೆ. ಮಂಗಳೂರಿನ ದೊಡ್ಡಪ್ಪನಿಗೆ 78 ವರ್ಷ, ಆಸ್ತಮಾ ಇದೆ. ಬೆಟ್ಟದ ಎತ್ತರದಲ್ಲಿ ಉಸಿರಾಟ ಕಷ್ಟವಾದೀತೆಂದು ಅವರ ಮಗ ಹೆದರುತ್ತಾನೆ, ಮಂಗಳೂರಿನಲ್ಲೇ ಸೇರೋಣ ಎನ್ನುತ್ತಾನೆ. ಕುಶಾಲನಗರದಲ್ಲಿ ಸಭಾಂಗಣ ಸುಲಭವಾಗಿ ಸಿಗುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ನಮಗೆ ಕೊಯ್ಲಿನ ಕೆಲಸ. ಮತ ಹಾಕಿದರೆ ಮಡಿಕೇರಿ ಗೆಲ್ಲುತ್ತದೆ, ಆದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ. ಹೇಗೆ ತೀರ್ಮಾನಿಸಬೇಕು?

ಉತ್ತರ: ದಯವಿಟ್ಟು ಮತಕ್ಕೆ ಹಾಕಬೇಡಿ. ಮತ ಎಣಿಸುವಾಗ ಮಳೆ ನೋಡಬೇಕೆನ್ನುವ ಇಪ್ಪತ್ತು ಹುಡುಗರಲ್ಲಿ ಒಬ್ಬೊಬ್ಬರ ಆಸೆಗೂ ರಾತ್ರಿಯಿಡೀ ಕುಳಿತು ಉಸಿರೆಳೆಯಬೇಕಾಗುವ ಒಬ್ಬ ಹಿರಿಯರ ಸಂಕಟಕ್ಕೂ ಒಂದೇ ತೂಕ ಬೀಳುತ್ತದೆ. ಮೊದಲನೆಯದು ಇಷ್ಟದ ಮಾತು, ಎರಡನೆಯದು ತಾಳಿಕೆಯ ಮಾತು. ಹವೆಯ ವಿಷಯದಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ಕೇಳದೆ ಊರು ಆರಿಸಲು ಹೊರಟವರು ಬಹುಮಟ್ಟಿಗೆ ಎಡವಿದ್ದನ್ನೇ ನಾನು ಕಂಡಿದ್ದೇನೆ. ನೀವು ಮನೆಯವರಿಗೆಲ್ಲ ಮತ್ತೊಮ್ಮೆ ಫೋನು ಮಾಡಬೇಕಾಗುತ್ತದೆ, ಈ ಸಲ “ಯಾವ ಊರು ಇಷ್ಟ?” ಎಂದು ಕೇಳದೆ, “ಯಾವ ಹವೆ ನಿಮಗೆ ಆಗುವುದೇ ಇಲ್ಲ?” ಎಂದು ಕೇಳಿ. ಇಷ್ಟಗಳ ಪಟ್ಟಿ 42 ಬಗೆಯಾಗಿ ಹರಡಿಕೊಂಡರೂ ಆಗದವುಗಳ ಪಟ್ಟಿ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ, ಮತ್ತು ಆ ನಾಲ್ಕೈದು ಸಾಲುಗಳೊಳಗೇ ನಿಮ್ಮ ಉತ್ತರ ಇರುತ್ತದೆ.

ಎಲ್ಲರಿಗೂ ಒಪ್ಪುವ ಹವೆ ಇರುವ ಊರನ್ನು ಹುಡುಕುತ್ತಿದ್ದೀರಾದರೆ ಅದನ್ನು ಕೈಬಿಡುವುದು ಒಳ್ಳೆಯದು. ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ ಅವರು 1970ರಲ್ಲಿ ಪ್ರಕಟಿಸಿದ, ಇಂದಿಗೂ ಕಟ್ಟಡಗಳ ವಿನ್ಯಾಸದಲ್ಲಿ ಬಳಕೆಯಾಗುವ ಲೆಕ್ಕಾಚಾರವೊಂದಿದೆ. ಮನುಷ್ಯನಿಗೆ ಹಿತವೆನಿಸುವುದು ಗಾಳಿಯ ಉಷ್ಣತೆಯೊಂದರಿಂದಲ್ಲ. ಸುತ್ತಲಿನ ಗೋಡೆ, ಸೂರು, ನೆಲ ಇವುಗಳಿಂದ ಬರುವ ಶಾಖ, ಗಾಳಿಯ ಓಟ, ಗಾಳಿಯಲ್ಲಿನ ತೇವಾಂಶ, ತೊಟ್ಟ ಬಟ್ಟೆ ಮತ್ತು ಮಾಡುತ್ತಿರುವ ಕೆಲಸ ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ ಎಂಬುದು ಅವರ ನಿರೂಪಣೆ. ಈ ಆರನ್ನೂ ಎಷ್ಟೇ ಸರಿಹೊಂದಿಸಿದರೂ ನೂರಕ್ಕೆ ಐದು ಮಂದಿಯಾದರೂ ಅತೃಪ್ತರಾಗಿಯೇ ಉಳಿಯುತ್ತಾರೆ ಎಂಬುದನ್ನೂ ಆ ಲೆಕ್ಕ ಒಪ್ಪಿಕೊಳ್ಳುತ್ತದೆ. ನಿಮ್ಮ 42 ಮಂದಿಯಲ್ಲಿ ಅದು ಇಬ್ಬರು. ಆ ಇಬ್ಬರು ಶಾಲು ಹೊದ್ದರೆ ಅಥವಾ ಕಿಟಕಿ ತೆರೆದರೆ ಸರಿಹೋಗುವಂಥವರಾಗಿರಬೇಕೇ ಹೊರತು ದೊಡ್ಡಪ್ಪನವರಂಥ ರೋಗಿಯಾಗಿರಬಾರದು. ಅಷ್ಟನ್ನು ಮಾತ್ರ ನಾವು ಮಾಡಬಲ್ಲೆವು.

ಈಗ ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ನೋಡೋಣ. ಪ್ರತಿಯೊಬ್ಬರೂ ಒಂದು ಊರಿನ ಹೆಸರು ಹೇಳಿದ್ದಾರೆ, ಆದರೆ ಅವರವರ ಮನಸ್ಸಿನಲ್ಲಿರುವುದು ಒಂದು ತಿಂಗಳು. ಹುಡುಗರ ಮಡಿಕೇರಿ ಜುಲೈ ತಿಂಗಳದು, ಅದನ್ನು ಅವರೇ ಹೇಳಿದ್ದಾರೆ. ಚಿಕ್ಕಮ್ಮನವರು ಈ ಹಿಂದೆ ಮಡಿಕೇರಿಗೆ ಬಂದದ್ದು ಯಾವ ತಿಂಗಳಲ್ಲಿ ಎಂದು ಕೇಳಿ ನೋಡಿ. ಮಳೆಗಾಲದ ಆಟಿ ಅಥವಾ ಶ್ರಾವಣದಲ್ಲಿ ಬಂದಿದ್ದರೆ ಅವರ ಭಯದಲ್ಲಿ ಆಶ್ಚರ್ಯವೇನೂ ಇಲ್ಲ. ಕಲಬುರಗಿಯಲ್ಲಿಯೂ ಡಿಸೆಂಬರಿನ ರಾತ್ರಿ ಉಷ್ಣತೆ 15–16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಅದನ್ನು ಅವರು ವರ್ಷವರ್ಷವೂ ತಾಳಿಕೊಂಡಿದ್ದಾರೆ. ಮಡಿಕೇರಿಯ ಜುಲೈ ಹಗಲು ಅದಕ್ಕಿಂತ ನಾಲ್ಕೈದು ಡಿಗ್ರಿ ಬೆಚ್ಚಗೇ ಇರುತ್ತದೆ. ಆದರೂ ಅದು ಹೆಚ್ಚು ಚಳಿ ಎನಿಸುವುದೇಕೆಂದರೆ, ಕಲಬುರಗಿಯ ಚಳಿಯಲ್ಲಿ ಬೆಳಗಾದೊಡನೆ ಬಿಸಿಲು ಬೀಳುತ್ತದೆ, ಬಟ್ಟೆ ಒಣಗಿರುತ್ತದೆ, ಗೋಡೆ ಬೆಚ್ಚಗಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ, ಹಾಸಿಗೆ, ಹೊದಿಕೆ, ಸೀರೆಯ ಅಂಚು ಎಲ್ಲವೂ ತೇವ, ಮೈಯ ಕಾವನ್ನು ಒದ್ದೆ ಬಟ್ಟೆಯೂ ಬೀಸುಗಾಳಿಯೂ ಸೇರಿ ಹೀರಿಕೊಳ್ಳುತ್ತವೆ. ಅವರಿಗೆ ಆಗದಿರುವುದು ಈ ಥಂಡಿ; ಚಳಿಯನ್ನು ಅವರು ತಾಳಬಲ್ಲರು. ಇದನ್ನು ಅವರಿಗೆ ವಿವರಿಸಿ ಹೇಳಿದರೆ ಅವರ ನಿಲುವು ಸಡಿಲವಾದೀತೆಂದು ನನಗೆ ಅನಿಸುತ್ತದೆ.

ನಾಡಿನ ಅತಿ ದೊಡ್ಡ ಕೂಟಗಳಲ್ಲೊಂದಾದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನೇ ನೋಡಿ. 80ನೆಯದು 2014ರ ಜನವರಿಯಲ್ಲಿ ನಮ್ಮ ಮಡಿಕೇರಿಯಲ್ಲಿ ನಡೆಯಿತು. 82ನೆಯದು 2016ರ ಡಿಸೆಂಬರಿನಲ್ಲಿ ರಾಯಚೂರಿನಲ್ಲಿ, 84ನೆಯದು 2019ರ ಜನವರಿಯಲ್ಲಿ ಧಾರವಾಡದಲ್ಲಿ, 85ನೆಯದು 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ, 86ನೆಯದು 2023ರ ಜನವರಿಯಲ್ಲಿ ಹಾವೇರಿಯಲ್ಲಿ, 87ನೆಯದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ. ಮಲೆನಾಡು, ಬಯಲುಸೀಮೆ, ಕಲ್ಯಾಣ ಕರ್ನಾಟಕ ಹೀಗೆ ಊರು ಬದಲಾಗುತ್ತ ಹೋದರೂ ಈ ಆರು ಸಮ್ಮೇಳನಗಳ ಕಾಲ ಡಿಸೆಂಬರಿನಿಂದ ಫೆಬ್ರವರಿಯ ಆಚೆಗೆ ಹೋಗಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲೂ ಜುಲೈಯಲ್ಲಿ ಪೆಂಡಾಲು ನಿಲ್ಲಲಾರದ ಮಡಿಕೇರಿಯಲ್ಲೂ ಸಾವಿರಾರು ಜನ ಬಯಲಲ್ಲಿ ಕುಳಿತು ಕೇಳಲು ಸಾಧ್ಯವಾದದ್ದು ತಿಂಗಳ ಆಯ್ಕೆಯಿಂದ. ನಿಮಗೆ ಆ ಮೂರು ತಿಂಗಳುಗಳು ಕೊಯ್ಲಿನವು, ಹಾಗಾಗಿ ಅದೇ ಉತ್ತರ ನಿಮಗೆ ಹೊಂದುವುದಿಲ್ಲ. ಆದರೆ ತಿಂಗಳನ್ನು ಮೊದಲು ಗೊತ್ತುಮಾಡಿ ಊರನ್ನು ಆಮೇಲೆ ಆರಿಸುವ ಕ್ರಮ ನಿಮಗೂ ಅನ್ವಯಿಸುತ್ತದೆ.

ಹುಡುಗರ ಜುಲೈಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದನ್ನು ನಾನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಕೊಡಗಿನಲ್ಲಿ ಊರಿಂದ ಊರಿಗೆ ಉಷ್ಣತೆಯ ವ್ಯತ್ಯಾಸ ಕಡಿಮೆ, ಮಳೆಯ ವ್ಯತ್ಯಾಸ ಅಪಾರ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮಘಟ್ಟವನ್ನು ಏರುವಾಗ ತಣಿದು ಮಳೆಯಾಗುತ್ತದೆ, ಬೆಟ್ಟ ದಾಟಿದ ಮೇಲೆ ಅದರಲ್ಲಿ ಉಳಿಯುವುದು ಸ್ವಲ್ಪವೇ. ಆದ್ದರಿಂದ ಭಾಗಮಂಡಲದ ಕಡೆಗೆ ವರ್ಷಕ್ಕೆ ಸುಮಾರು 6,000 ಮಿಲಿಮೀಟರ್, ಮಡಿಕೇರಿಗೆ 3,000ಕ್ಕಿಂತ ಹೆಚ್ಚು, ಅಲ್ಲಿಂದ ಮೂವತ್ತೇ ಕಿಲೋಮೀಟರು ಪೂರ್ವಕ್ಕಿರುವ ಕುಶಾಲನಗರಕ್ಕೆ ಸಾವಿರದ ಆಸುಪಾಸು ಮಳೆ ಬೀಳುತ್ತದೆ. ಈ ಮಳೆಯ ಬಹುಪಾಲು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಸುರಿಯುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಕುಸಿದು ಕಡಿದುಹೋದದ್ದು, 2019ರಲ್ಲಿ ನಿಮ್ಮದೇ ತಾಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದ ಅನಾಹುತಗಳು ನಿಮಗೆ ನಾನು ನೆನಪಿಸಬೇಕಾದವಲ್ಲ. ಮಂಗಳೂರಿನವರು ಬರಬೇಕಾದ ದಾರಿಯೇ ಆ ಸಂಪಾಜೆಯ ದಾರಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತೆಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ನಿರೀಕ್ಷಿತ ಎಂದು ಅರ್ಥ. ಅಂಥ ದಿನ 78 ವರ್ಷದವರನ್ನು ಘಟ್ಟ ಹತ್ತಿಸುವುದನ್ನು ಯಾರೂ ಒಪ್ಪಲಾರರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಮದುವೆಯಂಥ ಶುಭಕಾರ್ಯವನ್ನಿಡದೆ, ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡಿ ಮನೆಯವರಷ್ಟೇ ಉಣ್ಣುವ ನಮ್ಮ ಕಡೆಯ ಪದ್ಧತಿಯ ಹಿಂದೆ ಮಳೆಯ, ಗದ್ದೆ ಕೆಲಸದ ಈ ಅರಿವೂ ಇದೆಯೆಂದೇ ನಾನು ತಿಳಿದಿದ್ದೇನೆ. ಹುಡುಗರು ಬೇಕಾದರೆ ತಾವೇ ಒಂದು ವಾರಾಂತ್ಯ ಬಂದು ಮಳೆ ನೋಡಿಕೊಂಡು ಹೋಗಲಿ. ಅವರ ಆಸೆ ತಪ್ಪಲ್ಲ, ಆದರೆ ಅದನ್ನು ಇಡೀ ಕುಟುಂಬದ ಕೂಟಕ್ಕೆ ಕಟ್ಟಬಾರದು.

ಮಳೆಗಾಲದ ಅಂಚನ್ನೂ ನಂಬಬೇಡಿ ಎಂದು ಸ್ವಂತ ಅನುಭವದಿಂದ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಿವೃತ್ತ ಸಹೋದ್ಯೋಗಿಗಳ ಕೂಟವೊಂದಕ್ಕೆ ದಿನ ಗೊತ್ತುಮಾಡುವ ಹೊಣೆ ನನ್ನ ಮೇಲೆ ಬಿತ್ತು. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ಕೊಡಗಿಗೆ ಅದರಿಂದ ಮೂರು ನಾಲ್ಕು ದಿನ ಆಚೆ ಎಂದು ಲೆಕ್ಕಹಾಕಿ ಮೇ ಕೊನೆಯ ವಾರವನ್ನು ಇಟ್ಟೆ. ಎರಡನೆಯ ದಿನ ಸಂಜೆ ಸುರಿದ ಮಳೆಗೆ ಮರ ಬಿದ್ದು ವಿದ್ಯುತ್ ಹೋಯಿತು, ಮಾರನೆಯ ರಾತ್ರಿಯವರೆಗೆ ಬರಲಿಲ್ಲ. ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಉಸಿರಿಗೆ ಕೊಡುವ ವಿದ್ಯುತ್ ಯಂತ್ರ) ಬಳಸುತ್ತಿದ್ದ ಹಿರಿಯರೊಬ್ಬರನ್ನು ಜೀಪಿನಲ್ಲಿ ಕೂರಿಸಿ ಕತ್ತಲಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅವರು ಚೇತರಿಸಿಕೊಂಡರು, ಆದರೆ ಆ ರಾತ್ರಿಯನ್ನು ನಾನು ಮರೆತಿಲ್ಲ. ವಾಡಿಕೆಯ ದಿನವೆಂದರೆ ಅನೇಕ ವರ್ಷಗಳ ಸರಾಸರಿ. 2023ರಲ್ಲಿ ಮುಂಗಾರು ಕೇರಳ ತಲುಪಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಸರಾಸರಿಯನ್ನು ಗೋಡೆಯೆಂದು ಭಾವಿಸಿ ಅದಕ್ಕೆ ಒರಗಿ ಕೂತದ್ದು ನನ್ನ ತಪ್ಪು. ಕೊಡಗಿನಲ್ಲಿ ಯಾವ ಕೂಟವನ್ನಾದರೂ ಮೇ 10ರ ಒಳಗೆ ಮುಗಿಸಿ ಎಂದು ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಮಳೆಗಾಲದ ಆಚೆಯ ಅಂಚು ಕೂಡ ಹೀಗೆಯೇ. ಅಕ್ಟೋಬರಿನಲ್ಲಿ ದಸರಾ ರಜೆ ಇರುತ್ತದೆ, ಬೆಟ್ಟಗಳು ಹಸಿರಾಗಿರುತ್ತವೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಡಿಕೇರಿ ದಸರಾ, ತುಲಾ ಸಂಕ್ರಮಣದ ಜಾತ್ರೆ ಎಂದು ಕೊಠಡಿಗಳೂ ಸಿಗುವುದಿಲ್ಲ. ನವೆಂಬರ್ ಕೊನೆ, ಡಿಸೆಂಬರ್ ಆರಂಭ ಹವೆಯ ದೃಷ್ಟಿಯಿಂದ ಉತ್ತಮವಾದರೂ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ ಅದು; 2024ರಲ್ಲಿ ಫೆಂಗಲ್ ಚಂಡಮಾರುತದ ಶೇಷ ದಕ್ಷಿಣ ಕರ್ನಾಟಕವನ್ನು ಹಾದು ಹೋದಾಗ ಡಿಸೆಂಬರ್ ಮೊದಲ ವಾರದಲ್ಲೂ ಮಳೆಯಾಯಿತು. ಮೇಲಾಗಿ ಕೊಡಗಿನ ಸುಗ್ಗಿಯ ಹಬ್ಬ ಪುತ್ತರಿಯ ದಿನಗಳು, ಅರೇಬಿಕಾ ಕೊಯ್ಲು. ನಿಮ್ಮ ಮನೆಯವರೇ ಕಣದ ಕಡೆ ಕಣ್ಣಿಟ್ಟು ಕುಳಿತಿರುವಾಗ ಅತಿಥಿಗಳನ್ನು ನೋಡಿಕೊಳ್ಳುವವರು ಯಾರು?

ಉಳಿಯುವುದು ಮಾರ್ಚ್ ಮತ್ತು ಏಪ್ರಿಲ್. ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ, ನಿಮಗೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವ ಕೆಲಸ. ಆದ್ದರಿಂದ ಏಪ್ರಿಲ್‌ನ ಎರಡನೆಯ ಅಥವಾ ಮೂರನೆಯ ವಾರವನ್ನು ನಿಮಗೆ ಸೂಚಿಸುತ್ತೇನೆ. ತಿಂಗಳು ಗೊತ್ತಾದ ಕೂಡಲೇ ಊರಿನ ಪ್ರಶ್ನೆ ಎಷ್ಟು ಸರಳವಾಗುತ್ತದೆ ನೋಡಿ. ಮೈಸೂರಿನಲ್ಲಿ ಏಪ್ರಿಲ್ ಹಗಲು 34–35 ಡಿಗ್ರಿ. ಮಂಗಳೂರಿನಲ್ಲಿ ಅಂಕಿ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸೆಕೆ ಅದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಸಮುದ್ರದ ಸಮೀಪ ರಾತ್ರಿಯೂ ಅದು ಹೆಚ್ಚು ಇಳಿಯುವುದಿಲ್ಲ. ವಯಸ್ಸಾದವರಲ್ಲಿ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕುಗ್ಗಿರುತ್ತದೆ, ಹೀಗಾಗಿ ನಿಮ್ಮ ದೊಡ್ಡಪ್ಪನವರಿಗೇ ತಮ್ಮ ಊರಿನ ಏಪ್ರಿಲ್ ಹಿತವಲ್ಲ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ ಸುಮಾರು 830. ಎರಡರ ನಡುವೆ ಎರಡು ಡಿಗ್ರಿಯ ಅಂತರ. ಏಪ್ರಿಲ್‌ನಲ್ಲಿ ಮಡಿಕೇರಿಯ ಹಗಲು 29–30, ರಾತ್ರಿ 18–19 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇದು ಚಿಕ್ಕಮ್ಮನವರ ಊರಿನ ಡಿಸೆಂಬರ್ ರಾತ್ರಿಗಿಂತ ಬೆಚ್ಚಗಿನ ರಾತ್ರಿ, ಮತ್ತು ಆ ಹೊತ್ತಿಗೆ ಕಲಬುರಗಿಯಲ್ಲಿ 40 ಡಿಗ್ರಿ ಕಂಡು ಬಂದ ಅವರಿಗೆ ಅದು ಬಿಡುಗಡೆಯೆನಿಸೀತು. ಆದ್ದರಿಂದ ಏಪ್ರಿಲ್‌ನಲ್ಲಿ, ಮಡಿಕೇರಿ. ಒಂದು ವೇಳೆ ಕೊಯ್ಲಿನ ನಡುವೆಯೂ ಜನವರಿಯಲ್ಲೇ ಮಾಡುವುದೆಂದಾದರೆ ನನ್ನ ಸಲಹೆ ಮೈಸೂರು, ಕುಶಾಲನಗರ ಎರಡನೆಯದು.

ದೊಡ್ಡಪ್ಪನವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎತ್ತರದಿಂದ ಉಸಿರಾಟಕ್ಕೆ ತೊಂದರೆಯಾದೀತೆಂಬ ಆತಂಕಕ್ಕೆ ಮಡಿಕೇರಿಯ ಮಟ್ಟಿಗೆ ಆಧಾರವಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಜಿಲ್ಲೆಯ ಅತ್ಯುನ್ನತ ಶಿಖರ ತಡಿಯಂಡಮೋಳ್ ಕೂಡ 1,748 ಮೀಟರ್ ಮಾತ್ರ. ಆಸ್ತಮಾ ಇರುವವರು ಅಂಜಬೇಕಾದದ್ದು ಬೇರೆ ಎರಡಕ್ಕೆ. ಒಂದು, ನಸುಕಿನ ತಣ್ಣನೆಯ ಒಣಗಾಳಿ. ಅದು ಶ್ವಾಸನಾಳಗಳನ್ನು ಬಿಗಿಯುವಂತೆ ಮಾಡುತ್ತದೆ, ಡಿಸೆಂಬರ್–ಜನವರಿಯ ಬೆಳಗಿನ ಜಾವ ಅವರಿಗೆ ಕಷ್ಟವಾಗುವುದು ಇದರಿಂದ. ಎರಡು, ಬಹುಕಾಲ ಮುಚ್ಚಿಟ್ಟ ತೇವದ ಕೊಠಡಿ; ಅಲ್ಲಿನ ಬೂಷ್ಟು ಮತ್ತು ಹಾಸಿಗೆಯಲ್ಲಿ ಬೆಳೆಯುವ ಧೂಳಿನ ನುಸಿ. ಮಡಿಕೇರಿಯ ಮಳೆಗಾಲದಲ್ಲಿ ಎರಡನೆಯದರಿಂದ ತಪ್ಪಿಸಿಕೊಳ್ಳುವುದು ಕಷ್ಟ, ಏಪ್ರಿಲ್‌ನಲ್ಲಿ ಸುಲಭ. ಅವರಿಗೆ ಕೊಡುವ ಕೊಠಡಿಯನ್ನು ನೀವೇ ಮೊದಲು ಹೋಗಿ ನೋಡಿ: ಗೋಡೆಯ ಮೂಲೆಯಲ್ಲಿ ಕಪ್ಪು ಕಲೆ ಇದೆಯೇ, ಕಪಾಟು ತೆರೆದರೆ ಮುಗ್ಗಲು ವಾಸನೆ ಬರುತ್ತದೆಯೇ, ಹಾಸಿಗೆಗೆ ಬಿಸಿಲು ಕಾಣಿಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಬಾಣೆಯ (ಗದ್ದೆಗಿಂತ ಎತ್ತರದ ಜಮೀನಿನ) ಮೇಲಿನ ಮನೆ ಗದ್ದೆಯ ಬದಿಯ ಮನೆಗಿಂತ ಒಳ್ಳೆಯದು, ಏಕೆಂದರೆ ರಾತ್ರಿ ತಣ್ಣನೆಯ ಭಾರದ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅವರು ನೆಬ್ಯುಲೈಸರ್ ಬಳಸುವುದಾದರೆ ವಿದ್ಯುತ್ ಇಲ್ಲದೆ ನಡೆಯುವ ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಕೊಳವೆಯಾದ ಸ್ಪೇಸರ್ ಜೊತೆಗಿರಲಿ. ಹೊರಡುವ ಮೊದಲು ಅವರ ವೈದ್ಯರನ್ನು ಒಮ್ಮೆ ಕಂಡು ಬರಲಿ. ಸಂಪಾಜೆಯಿಂದ ಮೇಲಿನ ತಿರುವುಗಳಲ್ಲಿ ವಾಂತಿ ಬರುವವರಿದ್ದರೆ ಮುಂದಿನ ಸೀಟು ಕೊಟ್ಟು ನಿಧಾನವಾಗಿ ಬರುವಂತೆ ಹೇಳಿ.

ಏಪ್ರಿಲ್‌ಗೆ ತನ್ನದೇ ಆದ ತೊಂದರೆಯೊಂದಿದೆ: ಮಧ್ಯಾಹ್ನ ಮೂರರ ನಂತರದ ಗುಡುಗು, ಸಿಡಿಲು. ಕಾಫಿಗೆ ಬೇಕಾದ ಮಳೆ ಅದು, ನಿಮಗೆ ಅದರ ಬೆಲೆ ಗೊತ್ತು. ಆದರೆ ಮೈದಾನದಲ್ಲಿ ಶಾಮಿಯಾನದ ಕೆಳಗೆ 42 ಮಂದಿ ಇರುವಾಗ ಅದು ಬರಬಾರದು. ಹೊರಗಿನ ಓಡಾಟ, ಆಟ, ಅಬ್ಬಿ ಜಲಪಾತ, ರಾಜಾಸೀಟು ಎಲ್ಲವನ್ನೂ ಬೆಳಗ್ಗೆಯೇ ಮುಗಿಸಿ, ಊಟದ ನಂತರದ ಕಾರ್ಯಕ್ರಮವನ್ನು ಗಟ್ಟಿ ಸೂರಿನ ಕೆಳಗೆ ಇಟ್ಟುಕೊಳ್ಳಿ. ಸೂರು ಎಂದಾಗ ಇನ್ನೊಂದು ಮಾತು: ಹೆಂಚಿನ ಮನೆ ಸಂಜೆಯಾಗುತ್ತಲೇ ತಣಿಯುತ್ತದೆ, ಆರ್‌ಸಿಸಿ ಚಾವಣಿ ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತದೆ. ಕುಶಾಲನಗರದ ಕಲ್ಯಾಣಮಂಟಪದ ಮೇಲಂತಸ್ತಿನ ಕೊಠಡಿಗೂ ಮಡಿಕೇರಿಯ ಹಳೆಯ ಹೆಂಚಿನ ಮನೆಗೂ ಏಪ್ರಿಲ್ ರಾತ್ರಿಯಲ್ಲಿ ಕಾಣುವ ವ್ಯತ್ಯಾಸ ಎತ್ತರದಿಂದ ಬರುವ ಎರಡು ಡಿಗ್ರಿಗಿಂತ ಹೆಚ್ಚಿನದು. ಸ್ಥಳ ನೋಡಲು ಹೋಗುವವರು ಸಂಜೆ ಏಳರ ನಂತರ ಹೋಗಿ ಗೋಡೆಗೆ ಕೈಯಿಟ್ಟು ನೋಡಿದರೆ ಇದು ತಿಳಿಯುತ್ತದೆ.

ಕೊಡವ ಕುಟುಂಬಗಳ ಹಾಕಿ ಉತ್ಸವ ಬೇಸಿಗೆಯಲ್ಲಿ ನಡೆಯುವುದನ್ನು ನೀವು ಬಲ್ಲಿರಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದಂದಿನಿಂದ ನೂರಾರು ಕುಟುಂಬಗಳು ಸೇರುವ ಈ ಕೂಟ ಕೊಯ್ಲಿನ ನಂತರದ, ಶಾಲೆಗಳ ರಜೆಯ, ಮುಂಗಾರಿನ ಮುಂಚಿನ ಈ ಕಿರಿದಾದ ಅವಧಿಯಲ್ಲೇ ನಡೆದುಬಂದಿದೆ. ನೀವು ಆರಿಸಬೇಕಾದ ಅವಧಿಯೂ ಅದೇ ಆದ್ದರಿಂದ ಉತ್ಸವದ ಊರಿನ ಸುತ್ತ ಕೊಠಡಿಗಳಿಗೆ ಪೈಪೋಟಿ ಇರುತ್ತದೆ. ದಿನ ಗೊತ್ತುಮಾಡುವ ಮುನ್ನ ಈ ಬಾರಿ ಅದು ಎಲ್ಲಿ, ಎಂದಿನಿಂದ ಎಂಬುದನ್ನು ವಿಚಾರಿಸಿ, ಶುಕ್ರವಾರದಿಂದ ಭಾನುವಾರದ ಬದಲು ಸೋಮವಾರದಿಂದ ಬುಧವಾರವನ್ನು ಆರಿಸಿ. ಪ್ರವಾಸಿಗರ ವಾಹನಗಳ ಕಾಟವೂ ಆಗ ಕಡಿಮೆ.

ಮೂರು ತಿಂಗಳ ಮುಂಚೆ ದಿನ ಗೊತ್ತುಮಾಡುವಾಗ ಮೊಬೈಲಿನ ಮುನ್ಸೂಚನೆಯನ್ನು ನೋಡಿ ಪ್ರಯೋಜನವಿಲ್ಲ. ಒಂದು ವಾರ, ಹತ್ತು ದಿನಗಳಾಚೆಗೆ ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಹೇಳುವ ಶಕ್ತಿ ಯಾವ ಮುನ್ಸೂಚನೆಗೂ ಇಲ್ಲ. ಆಗ ನೋಡಬೇಕಾದದ್ದು ಹವಾಮಾನ ಇಲಾಖೆಯ ಮೂವತ್ತು ವರ್ಷಗಳ ವಾಡಿಕೆಯ ಪಟ್ಟಿ. ಅದರಲ್ಲೂ ತಿಂಗಳ ಸರಾಸರಿ ಉಷ್ಣತೆಗಿಂತ ಮಳೆಯ ದಿನಗಳೆಷ್ಟು ಎಂಬ ಕಾಲಂ ನಿಮಗೆ ಹೆಚ್ಚು ಉಪಯುಕ್ತ, 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಇಲಾಖೆ ಮಳೆಯ ದಿನವೆಂದು ಎಣಿಸುತ್ತದೆ. ಮುನ್ಸೂಚನೆಯನ್ನು ಕೊನೆಯ ಐದು ದಿನಗಳಲ್ಲಿ, ಯಾವ ಮಧ್ಯಾಹ್ನ ಒಳಗಿರಬೇಕು ಎಂಬುದನ್ನು ತೀರ್ಮಾನಿಸಲು ಬಳಸಿ.

ಚಿಕ್ಕಮ್ಮನವರಿಗೆ ಫೋನು ಮಾಡುವಾಗ ಮಡಿಕೇರಿ ಎಂಬ ಹೆಸರನ್ನು ಮೊದಲೇ ಹೇಳದೆ, ಅವರು ಹಿಂದೆ ಬಂದಾಗ ಏನಾಯಿತೆಂದು ಪೂರ್ತಿ ಕೇಳಿಸಿಕೊಳ್ಳಿ. ಅನಂತರ ಏಪ್ರಿಲ್ ರಾತ್ರಿಯ ಉಷ್ಣತೆಯನ್ನು ಅವರ ಊರಿನ ಡಿಸೆಂಬರ್ ರಾತ್ರಿಯೊಡನೆ ಹೋಲಿಸಿ ಹೇಳಿ, ಬಿಸಿಲು ಬೀಳುವ ಪೂರ್ವದಿಕ್ಕಿನ ಕೊಠಡಿ, ಬೆಳಗ್ಗೆ ಐದಕ್ಕೇ ಬಚ್ಚಲ ಹಂಡೆಯಲ್ಲಿ ಬಿಸಿನೀರು, ಎರಡು ಒಣ ಕಂಬಳಿ ಇಷ್ಟನ್ನು ನಿಮ್ಮ ಬಾಯಿಂದಲೇ ಮಾತು ಕೊಡಿ. ಅಷ್ಟಾದ ಮೇಲೂ ಅವರು ಒಲ್ಲೆನೆಂದರೆ ಕುಶಾಲನಗರದ ಸಭಾಂಗಣವನ್ನು ಅದೇ ಏಪ್ರಿಲ್ ದಿನಗಳಿಗೆ ಕಾಯ್ದಿರಿಸಿ, ಮಲಗಲು ಕೆಳಗಿನ ಅಂತಸ್ತಿನ ಕೊಠಡಿಗಳನ್ನೇ ಕೇಳಿ. ಹುಡುಗರು ಅಲ್ಲಿಂದ ಬೆಳಗ್ಗೆ ಹೊರಟು ಒಂದು ಗಂಟೆಯಲ್ಲಿ ಮಡಿಕೇರಿ ತಲುಪಿ, ಗುಡುಗುವ ಮೊದಲು ಊಟಕ್ಕೆ ಹಿಂತಿರುಗಬಹುದು.